ಕಾಲೂರಿ ನಿಲ್ಲುವ ಗಾಲಿಮೇಜು

ಮರಗೆಲಸದ ಮೇಜಿಗೆ ಇರತಕ್ಕ ಗುಣಗಳಲ್ಲಿ ಅಗ್ರಗಣ್ಯವಾದುದು ನಿಶ್ಚಲತೆ. ತೋಪಡ ಹಿಡಿದು ಹಲಗೆ ಹೆರೆಯುವವನು ತೋಳಿನ ಬಲವನ್ನಷ್ಟೇ ಅಲ್ಲದೆ, ಸೊಂಟದಿಂದ ಹೊರಟು ಹೆಗಲಿನ ಮೂಲಕ ಇಳಿದುಬರುವ ಇಡೀ ಮೈಯ ಭಾರವನ್ನೂ ಅದರ ಬೆನ್ನಿಗೆ ಕೊಡುತ್ತಾನಾದಕಾರಣ, ಆ ಬಲವೆಲ್ಲವೂ ಅಲಗಿನ ಬಾಯಿಗೇ ಸಲ್ಲಬೇಕಾದರೆ ಹಲಗೆಯ ಅಡಿಯಲ್ಲಿರುವ ಮೇಜು ಕೂದಲೆಳೆಯಷ್ಟೂ ಕದಲಕೂಡದು. ಕದಲಿತೆಂದರೆ ಶ್ರಮದ ಒಂದು ಪಾಲು ಮೇಜನ್ನು ತಳ್ಳುವುದರಲ್ಲಿಯೇ ವ್ಯಯವಾಗಿ, ಅಲಗು ನಡುಗಿ, ಮರದ ಮೈಮೇಲೆ ಅಲೆಅಲೆಯಾದ ಗಾಯಗಳು ಬೀಳುತ್ತವೆ. ಆದರೆ ನಗರದ ಮನೆಯಲ್ಲಿ ಬಿಡುವಿನ ವೇಳೆಯನ್ನು ಮರಗೆಲಸಕ್ಕೆ ಮೀಸಲಿಟ್ಟಿರುವ ಗೃಹಸ್ಥನಿಗೆ, ಕೆಲಸ ಮುಗಿದ ಮರುಕ್ಷಣವೇ ಆ ಮೇಜು ಗೋಡೆಯ ಬದಿಗೆ ಸರಿದು ಕಾರಿಗೆ ದಾರಿ ಬಿಡಬೇಕಾಗುತ್ತದೆ. ನಿಲ್ಲುವುದೂ ಚಲಿಸುವುದೂ ಒಂದೇ ವಸ್ತುವಿನಲ್ಲಿ ಹೇಗೆ ಕೂಡಿ ಬಾಳಬಲ್ಲವು ಎಂಬುದೇ ಈ ಲೇಖನದ ವಿಚಾರ.

ಬೆಂಗಳೂರಿನ 30×40 ಅಡಿಯ ನಿವೇಶನದಲ್ಲಿ ಕಟ್ಟಿದ ಮನೆಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಅದರ ಕಾರ್ ಶೆಡ್ಡಿಗೆ 10 ಅಡಿ ಅಗಲ, 18 ಅಡಿ ಉದ್ದ ಒದಗಿದರೆ ಅದು ಉದಾರವಾದ ಸ್ಥಳವೆಂದೇ ಹೇಳಬೇಕು. ನಾಲ್ಕು ಮೀಟರಿಗೆ ಮೀರದ ಸಣ್ಣ ಕಾರುಗಳಿಗೆ 2006ರ ಕೇಂದ್ರ ಬಜೆಟ್ಟಿನಲ್ಲಿ ಎಕ್ಸೈಸ್ ಸುಂಕದ ರಿಯಾಯಿತಿ ದೊರೆತಂದಿನಿಂದ, ನಮ್ಮ ಮನೆಗಳ ಮುಂದೆ ನಿಲ್ಲುವ ಕಾರುಗಳಲ್ಲಿ ಬಹುಪಾಲು ಆ ಅಳತೆಯೊಳಗೇ ಅಡಗಿಕೊಂಡಿವೆ. ಅಗಲದಲ್ಲಿ ಅವು ಸುಮಾರು 1.7 ಮೀಟರು. ಹತ್ತು ಅಡಿಯೆಂದರೆ ಮೂರು ಮೀಟರಿಗೆ ತುಸು ಹೆಚ್ಚು. ಹಾಗಾಗಿ ಕಾರು ಒಂದು ಗೋಡೆಗೆ ಒತ್ತಿ ನಿಂತ ಮೇಲೆ ಇನ್ನೊಂದು ಬದಿಯಲ್ಲಿ ಉಳಿಯುವುದು 1.3 ಮೀಟರಿನ ಪಟ್ಟಿ. ಎರಡು ಅಡಿ ಅಗಲದ ಮೇಜೊಂದು ಆ ಬದಿಯ ಗೋಡೆಗೆ ಆತು ನಿಂತರೆ, ಕಾರಿನ ಬಾಗಿಲು ತೆರೆದು ಮನುಷ್ಯನೊಬ್ಬ ಇಳಿಯುವುದಕ್ಕೆ ಬೇಕಾದಷ್ಟು ಜಾಗ ಆಗಲೂ ಉಳಿಯುತ್ತದೆ. ಕಾರನ್ನು ಬೀದಿಗೆ ತೆಗೆದರೆ ಇಡೀ ಶೆಡ್ಡು ಕಾರ್ಯಶಾಲೆ. ಆಗ ಮೇಜು ನಡುವೆ ಬಂದು ನಿಲ್ಲಬೇಕು, ಏಕೆಂದರೆ ಎಂಟು ಅಡಿಯ ಹಲಗೆಯನ್ನು ಸುತ್ತಲಿಂದಲೂ ಸಮೀಪಿಸಲಾಗದ ಮೇಜಿನ ಮೇಲೆ ಮಾಡಿದ ಕೆಲಸ ಅರ್ಧ ಕೆಲಸವೇ ಸರಿ.

ಪೂರ್ವಿಕರು ಈ ನಿಶ್ಚಲತೆಯನ್ನು ಭಾರದಿಂದ ಸಾಧಿಸಿದರು. ಆಂದ್ರೆ ಜಾಕೊಬ್ ರೂಬೊ ಎಂಬ ಫ್ರೆಂಚ್ ಬಡಗಿ 1769ರಿಂದ 1775ರವರೆಗೆ ಭಾಗಭಾಗವಾಗಿ ಪ್ರಕಟಿಸಿದ ತನ್ನ ಮರಗೆಲಸದ ಮಹಾಗ್ರಂಥದಲ್ಲಿ, ಮೇಜಿನ ಮೇಲುಹಲಗೆಯ ದಪ್ಪ ಐದಾರು ಅಂಗುಲವಿರಬೇಕೆಂದು ವಿಧಿಸಿದ್ದಾನೆ. ಅಂಥ ಮೇಜನ್ನು ಕದಲಿಸುವುದಿರಲಿ, ಎತ್ತುವುದಕ್ಕೇ ನಾಲ್ಕು ಜನ ಬೇಕು. ನಮ್ಮ ಬಡಗಿಯಾದರೋ ಬೇರೊಂದು ಮಾರ್ಗ ಹಿಡಿದವನು. ಮೇಜೆಂಬುದನ್ನೇ ಆತ ಬಯಸಲಿಲ್ಲ. ಬಾಚಿ, ಉಳಿ, ಕೊಡತಿ, ಗರಗಸಗಳನ್ನು ಚೀಲದಲ್ಲಿ ಹೊತ್ತು ಕೆಲಸವಿದ್ದ ಮನೆಯ ಅಂಗಳಕ್ಕೆ ತಾನೇ ನಡೆದುಬಂದು, ನೆಲದ ಮೇಲೆ ಕುಳಿತು, ಮರದ ತುಂಡನ್ನು ಅಂಗಾಲಿನಿಂದ ಒತ್ತಿಹಿಡಿದು ಕೆಲಸ ಮಾಡಿದ ಆ ಶಿಲ್ಪಿಗೆ ಭೂಮಿಯೇ ಮೇಜು, ಪಾದವೇ ಹಿಡಿಕೆ. ಮನೆಬಾಗಿಲಿನ ಚೌಕಟ್ಟುಗಳಲ್ಲಿ ಇಂದಿಗೂ ನಾವು ಕೈಯಾಡಿಸಿ ಬೆರಗಾಗುವ ಕೆತ್ತನೆಗಳೆಷ್ಟೋ ಹೀಗೆ ನೆಲದ ಮೇಲೆ ಕುಳಿತವರ ಕೈಯಿಂದ ಮೂಡಿದವು ಎಂಬುದನ್ನು ನೆನೆದಾಗ, ಮೇಜಿಲ್ಲದೆ ಮರಗೆಲಸವಿಲ್ಲವೆಂಬ ಮಾತನ್ನು ಯಾರೂ ಆಡಲಾರರು. ಕುರ್ಚಿಯಲ್ಲಿ ಕುಳಿತು ದಿನಗಳೆದ ಮೊಣಕಾಲು ಬೆನ್ನುಗಳಿಗೆ ಆ ಆಸನ ಈಗ ಒಗ್ಗದಾದ್ದರಿಂದಲೇ ನಮಗೆ ಮೇಜು ಬೇಕಾಗಿರುವುದು.

ಹೊತ್ತೊಯ್ಯಬಲ್ಲ ಮೇಜನ್ನು ಪಶ್ಚಿಮದಲ್ಲಿ ಮನೆಮನೆಗೆ ತಲುಪಿಸಿದವನು ರಾನ್ ಹಿಕ್‌ಮನ್. ಲೋಟಸ್ ಎಲಾನ್ ಕಾರನ್ನು ವಿನ್ಯಾಸಗೊಳಿಸಿದ ಈತ, ಮನೆಯಲ್ಲಿ ಬಟ್ಟೆಯ ಬೀರು ಮಾಡುತ್ತಿದ್ದಾಗ ಹಲಗೆಗೆ ಆಸರೆಯಾಗಿಟ್ಟಿದ್ದ ಒಳ್ಳೆಯ ಕುರ್ಚಿಯನ್ನೂ ಗರಗಸದಿಂದ ಕೊಯ್ದುಬಿಟ್ಟ ಪ್ರಸಂಗವೇ ಮಡಿಚುವ ಮೇಜಿನ ಕಲ್ಪನೆಗೆ ಕಾರಣವಾಯಿತೆಂಬುದು ಪ್ರಸಿದ್ಧ. ಹಲವು ಕಂಪನಿಗಳು ನಿರಾಕರಿಸಿದ ಆ ಮೇಜನ್ನು ಕೊನೆಗೆ ಬ್ಲ್ಯಾಕ್ ಅಂಡ್ ಡೆಕ್ಕರ್ ಸಂಸ್ಥೆ 1970ರ ದಶಕದ ಆರಂಭದಲ್ಲಿ ವರ್ಕ್‌ಮೇಟ್ ಎಂಬ ಹೆಸರಿನಿಂದ ಮಾರುಕಟ್ಟೆಗೆ ತಂದಿತು. ಅದರಲ್ಲಿ ನನ್ನ ಮನಸ್ಸನ್ನು ಸೆಳೆದ ಅಂಶ ಮಡಿಕೆಯಲ್ಲ. ಹಗುರವಾದ ಆ ಮೇಜಿನ ಕೆಳಗೊಂದು ಮೆಟ್ಟಿಲಿದ್ದು, ಕೆಲಸಗಾರ ಅದರ ಮೇಲೆ ಒಂದು ಕಾಲಿಟ್ಟು ತನ್ನ ಭಾರವನ್ನೇ ಮೇಜಿಗೆ ಸಾಲ ಕೊಡುತ್ತಾನೆ; ನಮ್ಮ ಬಡಗಿ ಮರದ ಮೇಲೆ ಊರಿದ ಪಾದ ಅಲ್ಲಿ ಮೆಟ್ಟಿಲಿನ ಮೇಲೆ ಊರಿದೆ. ಗರಗಸಕ್ಕೂ ಕೊರೆಯುವುದಕ್ಕೂ ಅಷ್ಟು ಸಾಕು. ಉದ್ದನೆಯ ಹಲಗೆಯನ್ನು ಹೆರೆಯುವುದಕ್ಕೆ ಮಾತ್ರ ಸಾಲದು.

ಇನ್ನು ಗಾಲಿಗಳ ವಿಷಯ. ಹಾರ್ಡ್‌ವೇರ್ ಅಂಗಡಿಯಿಂದ ಬ್ರೇಕಿನ ನಾಲ್ಕು ಕ್ಯಾಸ್ಟರ್ ಗಾಲಿಗಳನ್ನು ತಂದು ಮೇಜಿನ ಕಾಲುಗಳಿಗೆ ತಿರುಪಿನಿಂದ ಬಿಗಿದು, ಚಲನೆಯ ಸಮಸ್ಯೆ ಪರಿಹಾರವಾಯಿತೆಂದು ತೃಪ್ತಿಪಡುವವರೇ ಬಹುಮಂದಿ. ಚಲನೆಯ ಸಮಸ್ಯೆಯೇನೋ ಪರಿಹಾರವಾಯಿತು. ನಿಲ್ಲುವ ಸಮಸ್ಯೆ ಆಗಲೇ ಹುಟ್ಟಿತು. ತಿರುಗುವ ಗಾಲಿಯಲ್ಲಿ ಚಕ್ರದ ಅಚ್ಚು ಕತ್ತಿನ ಕೇಂದ್ರಕ್ಕೆ ನೇರವಾಗಿ ಕೆಳಗಿರದೆ ಸ್ವಲ್ಪ ಹಿಂದಕ್ಕೆ ಸರಿದಿರುತ್ತದೆ. ಎಳೆದ ದಿಕ್ಕಿಗೆ ಅದು ತಾನೇ ತಿರುಗಿಕೊಳ್ಳುವುದು ಈ ಸರಿತದಿಂದಲೇ. ಆದಕಾರಣ ಚಕ್ರ ಉರುಳದಂತೆ ತಡೆಯುವ ಸಾಮಾನ್ಯ ಬ್ರೇಕು ಬಿಗಿದಿದ್ದರೂ, ಕತ್ತು ತಿರುಗುವಷ್ಟು ದೂರ ಮೇಜು ಅತ್ತಿತ್ತ ಓಲಾಡುತ್ತಲೇ ಇರುತ್ತದೆ. ಚಕ್ರವನ್ನೂ ಕತ್ತನ್ನೂ ಒಟ್ಟಿಗೆ ಬಿಗಿಯುವ ಗಾಲಿಗಳು ಇದಕ್ಕಿಂತ ಎಷ್ಟೋ ಮೇಲು. ಅವುಗಳಲ್ಲಿಯೂ ಕತ್ತಿನೊಳಗಿನ ಗುಂಡುಗಳ ಸಡಿಲ, ಚಕ್ರದ ಹೊರಪದರದ ಮೆದುತನ, ಇವೆರಡೂ ಉಳಿದೇ ಉಳಿಯುತ್ತವೆ. ಯಂತ್ರದ ಗರಗಸ, ಸ್ಯಾಂಡರು, ಜೋಡಣೆ, ಬಣ್ಣ ಇವುಗಳಿಗಷ್ಟೇ ಮೇಜನ್ನು ಬಳಸುವವರಿಗೆ ಅಂಥ ಗಾಲಿ ಸಾಕೆಂದು ನಾನು ಒಪ್ಪುತ್ತೇನೆ. ತೋಪಡವನ್ನೂ ಉಳಿಯನ್ನೂ ಪ್ರೀತಿಸುವವರಿಗೆ ನನ್ನ ಮಾತು ಇಷ್ಟೇ: ಮೇಜು ಗಾಲಿಯ ಮೇಲೆ ನಿಲ್ಲುವುದು ಸ್ಥಳ ಬದಲಿಸುವ ಆ ಅರ್ಧ ನಿಮಿಷ ಮಾತ್ರವಾಗಿರಲಿ, ಉಳಿದ ಕಾಲವೆಲ್ಲ ಅದು ತನ್ನ ಸ್ವಂತ ಕಾಲುಗಳ ಮೇಲೆ ನಿಲ್ಲಲಿ.

ಇದನ್ನು ಸಾಧಿಸುವ ಮಾರ್ಗಗಳಲ್ಲಿ ಅತ್ಯಂತ ಸರಳವಾದುದು ಕೈಗಾಡಿಯ ಮಾರ್ಗ. ಮೇಜಿನ ಒಂದು ತುದಿಯ ಎರಡು ಕಾಲುಗಳ ಹೊರಮೈಗೆ ತಿರುಗದ ಗಾಲಿಗಳನ್ನು ನೆಲಕ್ಕೆ ತಾಕೀತೋ ತಾಕದೋ ಎಂಬಷ್ಟು ಎತ್ತರದಲ್ಲಿ ಬಿಗಿದು, ಇನ್ನೊಂದು ತುದಿಯನ್ನು ಕೈಯಿಂದ ಎತ್ತಿದರೆ ಭಾರವು ಗಾಲಿಗಳಿಗೆ ವರ್ಗವಾಗಿ ಮೇಜು ಉರುಳುತ್ತದೆ. ಖರ್ಚು ಅತ್ಯಲ್ಪ, ಕೆಡುವ ಭಾಗಗಳಿಲ್ಲ. ಆದರೆ ಎತ್ತುವವನ ಕೈಗೆ ಮೇಜಿನ ಅರ್ಧ ಭಾರ ಬೀಳುವುದರಿಂದಲೂ, ಇಕ್ಕಟ್ಟಾದ ಶೆಡ್ಡಿನಲ್ಲಿ ಮೇಜನ್ನು ಅಡ್ಡಡ್ಡ ಸರಿಸಲಾಗದ ಕಾರಣದಿಂದಲೂ, ನಮ್ಮ ಉದಾಹರಣೆಯ ಮನೆಗೆ ಇದು ಒಪ್ಪುವುದಿಲ್ಲ. ಅಲ್ಲಿಗೆ ಬೇಕಾದದ್ದು ಕಾಲಿನಿಂದ ಮೆಟ್ಟಿ ಇಳಿಸುವ ಗಾಲಿ. ಅಂಗಡಿಯಲ್ಲಿ ಇದರ ಸಿದ್ಧ ಜೋಡಣೆ ಸಿಗುತ್ತದೆಯಾದರೂ, ಕೆಲವು ಹಲಗೆ, ಬಿಜಾಗರಿ, ನಾಲ್ಕು ಗಾಲಿಗಳಿಂದ ಮನೆಯಲ್ಲಿಯೇ ಮಾಡಿಕೊಳ್ಳಬಹುದಾದ್ದರಿಂದ ಅದನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ.

ಮೊದಲು ಮೇಜಿನ ಮೈ. ಎಂಟು ಅಡಿಗೆ ನಾಲ್ಕು ಅಡಿಯ 18 ಮಿಲಿಮೀಟರ್ ದಪ್ಪದ ಪ್ಲೈವುಡ್ ಹಾಳೆ ಒಂದೇ ಒಂದು ಸಾಕು. ಉದ್ದದಲ್ಲಿ ಎರಡು ಅಡಿ ಬಿಟ್ಟು ಕೊಯ್ದು, ಉಳಿದ ಆರು ಅಡಿಯ ತುಂಡನ್ನು ನಡುವೆ ಸೀಳಿದರೆ, ಆರು ಅಡಿ ಉದ್ದ ಎರಡು ಅಡಿ ಅಗಲದ ಎರಡು ಹಲಗೆಗಳು ದೊರೆಯುತ್ತವೆ. ಅವೆರಡನ್ನೂ ಅಂಟಿನಿಂದ ಒಂದರ ಮೇಲೊಂದು ಕೂಡಿಸಿದರೆ 36 ಮಿಲಿಮೀಟರಿನ ಮೇಲುಹಲಗೆ. ಮೊದಲು ಬಿಟ್ಟ ಎರಡು ಅಡಿಗೆ ನಾಲ್ಕು ಅಡಿಯ ತುಂಡು ಕೆಳಗಿನ ಅಟ್ಟಕ್ಕೆ ಸರಿಯಾಗಿ ಹೊಂದುತ್ತದೆ. ಹಲಗೆಯ ದಪ್ಪ ಇಮ್ಮಡಿಯಾದರೆ ಬಾಗುವಿಕೆಯನ್ನು ತಡೆಯುವ ಅದರ ಶಕ್ತಿ ಎಂಟು ಪಟ್ಟಾಗುತ್ತದೆಂಬುದು ಯಂತ್ರಶಾಸ್ತ್ರದ ನಿಯಮ. ಆದರೆ ಆ ಎಂಟು ಪಟ್ಟು ಲಭಿಸುವುದು ಎರಡು ಪದರಗಳೂ ಅಂಟಿನಿಂದ ಏಕೀಭವಿಸಿದಾಗ ಮಾತ್ರ, ಬರಿಯ ಮೊಳೆ ಹೊಡೆದು ಕೂಡಿಸಿದರೆ ಅಲ್ಲ. ತಿರುಪುಗಳನ್ನು ಕೆಳಗಿನಿಂದಲೇ ಹಾಕತಕ್ಕದ್ದು. ಮುಂದೊಂದು ದಿನ ಮೇಲುಮೈಯನ್ನು ಹೆರೆಯಬೇಕಾಗಿ ಬಂದಾಗ ತೋಪಡದ ಅಲಗಿಗೆ ಕಬ್ಬಿಣ ತಾಕಬಾರದು. ಕೊಳ್ಳುವಾಗ ಹಾಳೆಯ ಮೇಲಿನ ಮುದ್ರೆಯನ್ನು ನೋಡಿರಿ. ಒಣ ಜಾಗಕ್ಕೆ ಐಎಸ್ 303 ದರ್ಜೆ ಸಾಕು, ಮಳೆಯ ಎರಚಲು ಬಡಿಯುವ ಶೆಡ್ಡಾದರೆ, ಅದರಲ್ಲಿಯೂ ಕರಾವಳಿಯ ಊರಾದರೆ, ಐಎಸ್ 710 ದರ್ಜೆಗೆ ಹೆಚ್ಚು ಹಣ ಕೊಡುವುದು ವ್ಯರ್ಥವಲ್ಲ.

ಕಾಲುಗಳಿಗೂ ಅಡ್ಡಪಟ್ಟಿಗಳಿಗೂ ಗಟ್ಟಿಮರವೇ ಆಗಬೇಕು. ನೀಲಗಿರಿ ಅಗ್ಗವೆಂದು ತಂದರೆ ಅದು ಒಣಗುತ್ತ ತಿರುಚಿಕೊಳ್ಳುತ್ತದೆ. ಕಾಫಿ ತೋಟಗಳ ನೆರಳಿನ ಸಿಲ್ವರ್ ಓಕ್ ಹದವಾಗಿ ಒಣಗಿದ್ದರೆ ಒಪ್ಪಿಕೊಳ್ಳಬಹುದು. ನನ್ನ ಪಕ್ಷಪಾತವೆಲ್ಲ ಹಳೆಯ ಮನೆಗಳನ್ನು ಕೆಡವಿದಲ್ಲಿ ದೊರೆಯುವ ಮತ್ತಿ, ಹೊನ್ನೆಗಳ ತೊಲೆಗಳ ಕಡೆಗೆ; ದಶಕಗಳ ಮಳೆ ಬಿಸಿಲುಗಳಿಗೆ ಹಿಗ್ಗಿ ಕುಗ್ಗಿ ಇನ್ನು ಅಲುಗಾಡದೆಂಬ ಸ್ಥಿತಿಗೆ ಬಂದ ಆ ಮರವನ್ನು ಯಾವ ಹೊಸ ಮರವೂ ಸರಿಗಟ್ಟಲಾರದು. ಒಳಗೆ ಹುದುಗಿದ ಮೊಳೆಗಳನ್ನು ಅಯಸ್ಕಾಂತ ಆಡಿಸಿ ಹುಡುಕಿ ತೆಗೆದ ಮೇಲೆಯೇ ಗರಗಸಕ್ಕೆ ಕೊಡಬೇಕು. ಮೂರು ಅಂಗುಲದ ಚೌಕ ಕಾಲುಗಳು ನಾಲ್ಕು. ಅಡ್ಡಪಟ್ಟಿಯ ತುದಿಯನ್ನು ನಾಲಿಗೆಯಂತೆ ಸವರಿ ಕಾಲಿನಲ್ಲಿ ಕೊರೆದ ತೂತಿಗೆ ಕೂರಿಸಿ ಅಂಟು ಹಾಕಿದರೆ ಸರ್ವೋತ್ತಮ. ಅಷ್ಟು ಕೈ ಪಳಗದವರು ಉದ್ದನೆಯ ಬೋಲ್ಟು ನಟ್ಟುಗಳಿಂದ ಬಿಗಿಯಬಹುದು, ಮಳೆಗಾಲ ಬೇಸಿಗೆಗಳ ಸಂಧಿಯಲ್ಲಿ ಒಮ್ಮೆ ಸ್ಪ್ಯಾನರ್ ತಿರುಗಿಸುವ ಶ್ರದ್ಧೆ ಇದ್ದರೆ ಅದೂ ಭದ್ರವೇ. ಕಾಲುಗಳ ಮುಂಮೈ ಮೇಲುಹಲಗೆಯ ಮುಂದಂಚಿಗೆ ಸಮನಾಗಿರಲಿ, ಉದ್ದನೆಯ ಹಲಗೆಯನ್ನು ನಿಲ್ಲಿಸಿ ಕ್ಲ್ಯಾಂಪು ಹಾಕಲು ಅದರಿಂದ ಅನುಕೂಲ. ಎಡಬಲ ತುದಿಗಳಲ್ಲಿ ಮಾತ್ರ ಮೇಲುಹಲಗೆ ಕಾಲುಗಳಿಂದ ಹತ್ತು ಹತ್ತು ಅಂಗುಲ ಹೊರಚಾಚಿರಬೇಕು. ಈ ಚಾಚಿನ ಪ್ರಯೋಜನ ಮುಂದೆ ಗೊತ್ತಾಗುತ್ತದೆ.

ಎತ್ತರವನ್ನು ಪುಸ್ತಕದಿಂದ ತೆಗೆದುಕೊಳ್ಳಬೇಡಿರಿ. ಕೆಲಸ ಮಾಡುವವನು ಚಪ್ಪಲಿ ಹಾಕಿಕೊಂಡು ನೆಟ್ಟಗೆ ನಿಂತು ತೋಳು ಇಳಿಬಿಟ್ಟಾಗ ಮಣಿಕಟ್ಟಿನ ಗೆರೆ ನೆಲದಿಂದ ಎಷ್ಟು ಎತ್ತರದಲ್ಲಿದೆಯೋ ಅಷ್ಟೇ ಮೇಜಿನ ಎತ್ತರ. ಹೆಚ್ಚಾಗಿ ಕೈತೋಪಡವನ್ನೇ ಬಳಸುವವನು ಇನ್ನೆರಡು ಅಂಗುಲ ತಗ್ಗಿಸಬಹುದು. ಆ ಗೆರೆ 850 ಮಿಲಿಮೀಟರಿಗೆ ಬಂದಿತೆನ್ನೋಣ. ಮೇಲುಹಲಗೆಯ 36 ಕಳೆದರೆ ಕಾಲಿನ ಉದ್ದ 814. ಸದಾ ಗಾಲಿಯ ಮೇಲೆಯೇ ನಿಲ್ಲುವ ಮೇಜಾದರೆ, 100 ಮಿಲಿಮೀಟರ್ ಚಕ್ರದ ಗಾಲಿಯ ಪೂರ್ಣ ಎತ್ತರ ಸುಮಾರು 125ರಿಂದ 130 ಇರುತ್ತದಾದ್ದರಿಂದ ಅದನ್ನೂ ಕಳೆಯಬೇಕಾಗುತ್ತಿತ್ತು. ನಮ್ಮ ಮೇಜಿಗೆ ಆ ಲೆಕ್ಕ ಇಲ್ಲ.

ಈಗ ಮೆಟ್ಟುಹಲಗೆ. ಮೇಜಿನ ಎರಡೂ ತುದಿಗಳಲ್ಲಿ, ಕಾಲಿನಿಂದ ಕಾಲಿಗೆ ಹಾಯ್ದ ಕೆಳಗಿನ ಅಡ್ಡಪಟ್ಟಿಯ ಹೊರಮೈಗೆ ಎರಡು ಬಲವಾದ ಬಿಜಾಗರಿಗಳಿಂದ ಒಂದೊಂದು ಗಟ್ಟಿ ಹಲಗೆಯನ್ನು ತೂಗುಹಾಕಬೇಕು. ಅದರ ತಳದಲ್ಲಿ, ಬಿಜಾಗರಿಯಿಂದ 80 ಮಿಲಿಮೀಟರ್ ದೂರದಲ್ಲಿ ಗಾಲಿಗಳೆರಡರ ಕೇಂದ್ರ. ಅಲ್ಲಿಂದ ಮುಂದೆ ಇನ್ನು 160 ಮಿಲಿಮೀಟರ್ ಚಾಚಿದ ಹಲಗೆಯ ತುದಿ ಪಾದವಿಡುವ ಜಾಗ. ಪಾದದಿಂದ ಕೆಳಕ್ಕೆ ಒತ್ತಿದಾಗ ಗಾಲಿ ನೆಲವನ್ನು ಹಿಡಿದು, ಅದನ್ನೇ ಆಧಾರವಾಗಿ ಮಾಡಿಕೊಂಡು ಹಲಗೆ ತಕ್ಕಡಿಯ ದಂಡದಂತೆ ತಿರುಗಿ, ಬಿಜಾಗರಿಯ ಕಡೆಯ ತುದಿ ಮೇಲೆದ್ದು ತನ್ನೊಡನೆ ಮೇಜನ್ನೂ ಎತ್ತುತ್ತದೆ. ಒಂದಕ್ಕೆ ಎರಡರ ಈ ಅಂತರದಿಂದಾಗಿ, ಪಾದ ಕೊಟ್ಟ ಬಲದ ಇಮ್ಮಡಿ ಮೇಜಿಗೆ ಸಲ್ಲುತ್ತದೆ. ಸಾಮಾನು ತುಂಬಿದ ಮೇಜು 120 ಕಿಲೋಗ್ರಾಮ್ ತೂಗಿದರೆ ಒಂದು ತುದಿಯಲ್ಲಿ ಎತ್ತಬೇಕಾದದ್ದು 60, ಮೆಟ್ಟಬೇಕಾದದ್ದು 30. ಅಂದರೆ ಮನೆಯಲ್ಲಿ ಬೆಳೆದ ಮಕ್ಕಳು ಯಾರಾದರೂ ಅದನ್ನು ಮಾಡಬಲ್ಲರು. ಮೇಜು 12 ಮಿಲಿಮೀಟರ್ ಏಳುವಷ್ಟರಲ್ಲಿ ಪಾದ ಸುಮಾರು 24 ಮಿಲಿಮೀಟರ್ ಇಳಿಯುತ್ತದೆ.

ಇಲ್ಲಿ ಅತ್ಯಂತ ಎಚ್ಚರ ಬೇಕಾದ ಒಂದು ಅಳತೆಯಿದೆ. ಗಾಲಿಗಳು ಭಾರ ಹೊತ್ತಾಗ ಹಲಗೆ ನೆಲಕ್ಕೆ ಸಮಾಂತರವಾಗಿ ಇರಲೇಬೇಕು. ಓರೆಯಾಗಿದ್ದರೆ ಗಾಲಿಯ ಕತ್ತೂ ಓರೆಯಾಗಿ, ಚಕ್ರ ತನಗೆ ಬೇಕಾದ ಒಂದೇ ದಿಕ್ಕಿಗೆ ಮುಖ ಮಾಡಿಕೊಂಡು ಹಟ ಹಿಡಿಯುತ್ತದೆ. ಆದ್ದರಿಂದ ಗಾಲಿಯ ಪೂರ್ಣ ಎತ್ತರವನ್ನು ಮೊದಲು ಅಳೆದು, ಅದು 105 ಮಿಲಿಮೀಟರ್ ಎಂದಾದರೆ, ಮೇಜು ತನ್ನ ಕಾಲುಗಳ ಮೇಲೆ ನಿಂತಿರುವಾಗ ಬಿಜಾಗರಿಯ ಬಳಿ ಹಲಗೆಯ ತಳ ನೆಲದಿಂದ 93 ಮಿಲಿಮೀಟರಿನಲ್ಲಿರುವಂತೆ ಅಡ್ಡಪಟ್ಟಿಯನ್ನು ಕೂರಿಸಬೇಕು. ಮೇಜು 12 ಏರಿದಾಗ ಎರಡೂ ಒಂದೇ ಮಟ್ಟಕ್ಕೆ ಬರುತ್ತವೆ. ಪಾದ ತೆಗೆದ ಮೇಲೆ ಹಲಗೆ ಮತ್ತೆ ಮೇಲೇಳದಂತೆ ಹಿಡಿದಿಡಲು, ಹೊರಚಾಚಿದ ಮೇಲುಹಲಗೆಯ ಅಡಿಯಿಂದ, ಸರಿಯಾಗಿ ಗಾಲಿಗಳ ನೇರಕ್ಕೆ, ಒಂದು ಆನಿಕೆಯ ಮರವನ್ನು ಬಿಜಾಗರಿಯಲ್ಲಿ ಇಳಿಬಿಡಬೇಕು. ಮೆಟ್ಟುಹಲಗೆ ಕೆಳಗಿಳಿದೊಡನೆ ಅದು ತನ್ನ ಭಾರಕ್ಕೇ ನೆಟ್ಟಗಾಗಿ ಹಲಗೆಯ ಮೇಲೆ ಕುಳಿತುಬಿಡುತ್ತದೆ. ಮೇಜನ್ನು ಇಳಿಸಬೇಕೆಂದಾಗ ಹಲಗೆಯನ್ನು ಒಮ್ಮೆ ಮೆಟ್ಟಿ ಆನಿಕೆಗೆ ಕಟ್ಟಿದ ಹಗ್ಗವನ್ನು ಎಳೆದರೆ ಸಾಕು. ಇದರ ಉದ್ದವನ್ನು ಲೆಕ್ಕದಿಂದ ಕೊಯ್ಯದೆ, ಮೆಟ್ಟುಹಲಗೆಯನ್ನು ಸಮಾಂತರ ಮಾಡಿ ನಿಲ್ಲಿಸಿ, ನಡುವಣ ಅಂತರಕ್ಕೆ ಮರವನ್ನೇ ಹಿಡಿದು ಗುರುತು ಹಾಕಿಕೊಳ್ಳುವುದು ಬಡಗಿಗಳ ಕ್ರಮ, ಅದೇ ಸರಿಯಾದದ್ದು. ಇಷ್ಟೆಲ್ಲವೂ ಹತ್ತು ಅಂಗುಲದ ಹೊರಚಾಚಿನ ನೆರಳಿನೊಳಗೇ ಅಡಗಿರುವುದರಿಂದ ಓಡಾಡುವವರ ಕಾಲಿಗೆ ತೊಡರುವುದಿಲ್ಲ.

ಗಾಲಿಗಳು ನಾಲ್ಕೂ ತಿರುಗುವಂಥವೇ ಆಗಿರಲಿ. ಗೋಡೆಯ ಬದಿಗೆ ಮೇಜನ್ನು ಅಡ್ಡಡ್ಡ ಸರಿಸುವುದು ಹಾಗಲ್ಲದೆ ಸಾಧ್ಯವಿಲ್ಲ. ಅವುಗಳ ಧಾರಣಶಕ್ತಿಯನ್ನು ಆರಿಸುವಾಗ ಒಟ್ಟು ಭಾರವನ್ನು ನಾಲ್ಕರಿಂದಲ್ಲ, ಮೂರರಿಂದ ಭಾಗಿಸಬೇಕು. ಸಿಮೆಂಟಿನ ನೆಲ ಎಂದೂ ಪೂರ್ಣ ಸಮತಲವಲ್ಲ, ಯಾವುದೇ ಕ್ಷಣದಲ್ಲಿ ನಾಲ್ಕನೆಯ ಗಾಲಿ ತೇಲುತ್ತಿರಬಹುದು. 120 ಕಿಲೋಗ್ರಾಮಿನ ಮೇಜಿಗೆ ಒಂದೊಂದೂ 40ಕ್ಕೆ ಕಡಿಮೆಯಿಲ್ಲದೆ ಹೊರುವಂತಿರಬೇಕು, 60 ಹೊರುವಂಥವನ್ನು ತಂದರೆ ನಿಶ್ಚಿಂತೆ. ಮೇಜನ್ನು ಸರಿಸುವಾಗ ಮೇಲಂಚನ್ನು ಹಿಡಿದು ಅಡ್ಡಕ್ಕೆ ನೂಕಬಾರದು, ಸೊಂಟದ ಕೆಳಗಿನ ಮಟ್ಟದಲ್ಲಿ ಹಿಡಿದು ಮೆಲ್ಲನೆ ತಳ್ಳಬೇಕು. ಎರಡು ಅಡಿ ಅಗಲದ ಎತ್ತರದ ವಸ್ತುವಿನ ಗಾಲಿ ಚಿಕ್ಕ ಮರದ ಚೂರಿಗೆ ತಡೆದು ನಿಂತರೂ ವಸ್ತು ಮಗುಚುವ ಸಂಭವವಿದೆ. ಭಾರವಾದ ಉಪಕರಣಗಳೆಲ್ಲ ಕೆಳಗಿನ ಅಟ್ಟದಲ್ಲಿಯೇ ಇರಲಿ. ಉಪಕರಣ ಕಡಿಮೆಯಿರುವವರು ಅಲ್ಲಿ ಒಂದೆರಡು ಮರಳಿನ ಚೀಲ ಇಟ್ಟರೂ ಮೇಜಿಗೆ ರೂಬೊ ಬಯಸಿದ ಗಾಂಭೀರ್ಯ ಬರುತ್ತದೆ.

ನೆಲದ ಇಳಿಜಾರಿನ ವಿಷಯದಲ್ಲಿ ಅನೇಕರಿಗೆ ಅನಗತ್ಯವಾದ ಚಿಂತೆಯಿರುವುದನ್ನು ಕಂಡಿದ್ದೇನೆ. ತೊಳೆದ ನೀರು ಗೇಟಿನ ಕಡೆಗೆ ಹರಿಯಲೆಂದು ಕಾರ್ ಶೆಡ್ಡಿನ ನೆಲಕ್ಕೆ ವಾಟ ಕೊಟ್ಟಿರುತ್ತಾರೆ. ನೂರಕ್ಕೆ ಒಂದರಂತೆ ಹಿಡಿದರೂ ಆರು ಅಡಿಯ ಮೇಜಿನ ಉದ್ದಕ್ಕೆ 18 ಮಿಲಿಮೀಟರಿನ ಇಳಿತ. ರಸಮಟ್ಟ ಇಟ್ಟು ನೋಡಿ, ನಾಲ್ಕು ಕಾಲಿಗೂ ತಿರುಪಿನ ಪಾದಗಳನ್ನು ಜೋಡಿಸಿ, ಸರಿಸಿದಾಗಲೆಲ್ಲ ಅವನ್ನು ಮತ್ತೆ ತಿರುಗಿಸುತ್ತ ಕೂರುವ ಅಗತ್ಯ ಖಂಡಿತ ಇಲ್ಲ. ಮರಗೆಲಸಕ್ಕೆ ಮೇಲುಮೈ ಸಪಾಟಾಗಿರಬೇಕು, ಮೇಜು ಕುಂಟಬಾರದು. ಇಡೀ ಮೇಜು ಒಂದು ಕಡೆಗೆ ತುಸು ವಾಲಿದ್ದರೆ ಕೂಡುವ ಸಂದಿಗೂ ಅಂಟಿಗೂ ಏನೂ ಬಾಧಕವಿಲ್ಲ. ಕುಂಟುವುದನ್ನು ನಿಲ್ಲಿಸಲು ಒಂದು ಕಾಲಿನ ಪಾದ ಮಾತ್ರ ತಿರುಪಿನದಾಗಿದ್ದರೆ ಸಾಕು, ಉಳಿದ ಮೂರು ಯಾವ ನೆಲದ ಮೇಲಾದರೂ ತಾವಾಗಿಯೇ ಊರಿಕೊಳ್ಳುತ್ತವೆ. ಮೇಜು ನಿಲ್ಲುವ ಜಾಗವೊಂದನ್ನು ಗೊತ್ತುಮಾಡಿ ನೆಲದ ಮೇಲೆ ನಾಲ್ಕು ಬಣ್ಣದ ಬೊಟ್ಟುಗಳನ್ನಿಟ್ಟರೆ ಆ ಒಂದು ಪಾದವನ್ನೂ ಪದೇಪದೇ ಮುಟ್ಟಬೇಕಾಗಿಲ್ಲ.

ವಿದ್ಯುತ್ತಿನ ಬಗ್ಗೆ ಎರಡು ಮಾತು. 1500 ವಾಟಿನ ಗರಗಸ 230 ವೋಲ್ಟಿನಲ್ಲಿ ಆರೂವರೆ ಆಂಪಿಯರ್ ಎಳೆಯುತ್ತದೆ. ಅದಕ್ಕೆ 16 ಆಂಪಿಯರ್ ಸಾಕೆಟ್ಟು, ದಪ್ಪ ತಂತಿ, 30 ಮಿಲಿ ಆಂಪಿಯರ್ ಸೋರಿಕೆಗೇ ವಿದ್ಯುತ್ತನ್ನು ಕಡಿದುಹಾಕುವ ಆರ್‌ಸಿಸಿಬಿ ಇವು ಮೂರೂ ಇರಲೇಬೇಕು, ಏಕೆಂದರೆ ಕಾರು ತೊಳೆದ ನೆಲ ಒದ್ದೆ. ಮರದ ಧೂಳನ್ನು ಉಪೇಕ್ಷಿಸುವವರು ಬಹಳ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲಿಯೇ ಅದನ್ನು ಮನುಷ್ಯರಲ್ಲಿ ಕ್ಯಾನ್ಸರಿಗೆ ಕಾರಣವಾಗುವುದೆಂದು ಸಿದ್ಧವಾದ ಮೊದಲ ವರ್ಗಕ್ಕೆ ಸೇರಿಸಿದೆ. ಮೇಜು ಚಲಿಸುವಂಥದಾದ್ದರ ದೊಡ್ಡ ಉಪಕಾರವೊಂದು ಇಲ್ಲಿದೆ: ಧೂಳೆಬ್ಬಿಸುವ ಕೆಲಸವನ್ನು ಗೇಟಿನ ಬಾಯಿಗೆ, ಬಯಲ ಗಾಳಿಗೆ ಒಯ್ದು ಮಾಡಬಹುದು. ಮೂಗಿಗೆ ಎನ್95 ಮಾಸ್ಕು ಅಲ್ಲಿಯೂ ಇರಬೇಕು.

ಕಡೆಯ ಕೆಲಸ ಎಣ್ಣೆ ಹಚ್ಚುವುದು. ಹೊಳೆಯುವ ವಾರ್ನಿಷು ಮೇಜಿಗೆ ಸಲ್ಲದು, ಅದರ ಮೇಲಿಟ್ಟ ಹಲಗೆ ಜಾರುತ್ತದೆ. ಅಗಸೆ ಎಣ್ಣೆಯನ್ನು ತೆಳುವಾಗಿ, ಮೇಲುಮೈಗೆ ಹಚ್ಚಿದಷ್ಟನ್ನೇ ತಳಕ್ಕೂ ಹಚ್ಚಿ, ಮರ ಕುಡಿಯದೆ ಉಳಿಸಿದ್ದನ್ನು ಬಟ್ಟೆಯಿಂದ ಒರಸಿಬಿಡಬೇಕು. ಆ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು. ಅಗಸೆ ಎಣ್ಣೆ ಒಣಗುವಾಗ ಗಾಳಿಯೊಡನೆ ಕೂಡಿ ಶಾಖ ಹುಟ್ಟಿಸುತ್ತದೆ, ಮುದ್ದೆಯೊಳಗೆ ಕೂಡಿಕೊಂಡ ಆ ಶಾಖದಿಂದ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಲ್ಲುದು, ಪಕ್ಕದಲ್ಲಿ ಪೆಟ್ರೋಲು ತುಂಬಿದ ಕಾರು ನಿಲ್ಲುವ ಜಾಗವಿದು. ಅದನ್ನು ನೀರಿನಲ್ಲಿ ಅದ್ದಿ, ಹೊರಗೆ ಬಯಲಲ್ಲಿ ಒಂದೇ ಪದರವಾಗಿ ಹರಡಿ, ಪೂರ್ಣ ಒಣಗಿ ಗಡಸಾದ ಮೇಲೆಯೇ ಕಸಕ್ಕೆ ಹಾಕತಕ್ಕದ್ದು.